ಒಂದೇ ಕಾರ್ಡು, ಅವರಿಗೆ ಬೆಡ್ ಸಿಕ್ಕಿತು, ನಮಗೆ ಯಾಕೆ ಸಿಗಲಿಲ್ಲ?

(ಉತ್ತರಿಸುವವರು: ಖಾಸಗಿ ಆಸ್ಪತ್ರೆಗಳ ಇನ್ಶೂರೆನ್ಸ್ ಡೆಸ್ಕ್‌ನಲ್ಲಿ ದುಡಿದು ನಿವೃತ್ತರಾದವರು)

ಪ್ರಶ್ನೆ: ನಮ್ಮ ತಂದೆಗೆ ರಾತ್ರಿ ಸ್ಟ್ರೋಕ್ ಆಯಿತು. ಹತ್ತಿರದ ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಬಿಪಿಎಲ್ ಕಾರ್ಡು, ಆಯುಷ್ಮಾನ್ ಕಾರ್ಡು ಎರಡೂ ಇತ್ತು. ಆಸ್ಪತ್ರೆ ಮುಂದೆ ಯೋಜನೆಯ ಬೋರ್ಡೂ ಇತ್ತು. ಆದರೆ 'ಸ್ಕೀಮಿನಲ್ಲಿ ಐಸಿಯು ಬೆಡ್ ಖಾಲಿ ಇಲ್ಲ' ಅಂದರು. ದುಡ್ಡು ಕಟ್ಟುತ್ತೇವೆ ಅಂದ ಕೂಡಲೇ ಬೆಡ್ ಸಿಕ್ಕಿತು. ಇದೇ ಆಸ್ಪತ್ರೆಯಲ್ಲಿ ನಮ್ಮ ಪಕ್ಕದ ಮನೆಯವರಿಗೆ ಇದೇ ಕಾರ್ಡಿನಲ್ಲಿ ಸ್ಟೆಂಟ್ ಹಾಕಿ ಕಳಿಸಿದ್ದಾರೆ. ಯಾಕೆ ಹೀಗೆ ಮೇಡಂ?
ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ಪಕ್ಕದ ಮನೆಯವರ ವಿಷಯ ಬರೆದದ್ದು ಒಳ್ಳೆಯದಾಯಿತು. ಉತ್ತರ ಅಲ್ಲೇ ಇದೆ.

ಕಾರ್ಡು ಅಂದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ಅಂತ ನಾವೆಲ್ಲ ಲೆಕ್ಕ ಹಾಕುತ್ತೇವೆ. ಆಸ್ಪತ್ರೆಯವರು ಆ 5 ಲಕ್ಷದ ಕಡೆ ತಿರುಗಿಯೂ ನೋಡುವುದಿಲ್ಲ. ಅವರು ನೋಡುವುದು ಪ್ಯಾಕೇಜ್ ರೇಟು. ಒಂದೊಂದು ಚಿಕಿತ್ಸೆಗೆ ಒಂದೊಂದು ಕೋಡ್, ಒಂದೊಂದು ಕೋಡಿಗೆ ಒಂದು ರೇಟು. ಬೆಡ್ಡು, ಟೆಸ್ಟು, ಔಷಧಿ, ಡಾಕ್ಟರ ಫೀಸು, ಊಟ, ಮನೆಗೆ ಹೋದ ಮೇಲೆ 15 ದಿನದ ಮಾತ್ರೆ, ಎಲ್ಲವೂ ಅದರೊಳಗೇ ಮುಗಿಯಬೇಕು.

ಸ್ಟೆಂಟ್ ಹಾಕುವುದಾದರೆ ಖರ್ಚು ಎಷ್ಟು ಬರುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಡಿಸ್‌ಚಾರ್ಜ್. ಸ್ಟೆಂಟ್ ಬೆಲೆಗೆ 2017ರಲ್ಲೇ ಸರ್ಕಾರ ಮಿತಿ ಹಾಕಿದೆ. ಸ್ಟೆಂಟ್ ಹಾಕುವ ಕೋಣೆಯ, ಅಂದರೆ ಕ್ಯಾಥ್ ಲ್ಯಾಬ್ ಮೆಷಿನ್‌ಗೆ ದುಡ್ಡು ಹಾಕಿ ಆಗಿದೆ, ಅದು ಸುಮ್ನೆ ಕೂತರೆ ನಷ್ಟ. ಹಾಗಾಗಿ ರೇಟು ಸ್ವಲ್ಪ ಕಮ್ಮಿಯಾದರೂ ಗಿಟ್ಟುತ್ತದೆ.

ಸ್ಟ್ರೋಕ್ ಆದವರು ಐಸಿಯುಗೆ ಹೋದರೆ ಯಾವಾಗ ಹೊರಗೆ ಬರುತ್ತಾರೆ ಅಂತ ಯಾರೂ ಹೇಳಲಾರರು. ಇಂಥ ಕೇಸಿಗೆ ಸಾಮಾನ್ಯವಾಗಿ ದಿನದ ಲೆಕ್ಕದಲ್ಲಿ ದುಡ್ಡು. ಕೇಂದ್ರದ ಪಟ್ಟಿಯಲ್ಲಿ ವೆಂಟಿಲೇಟರ್ ಇರುವ ಐಸಿಯುಗೆ ದಿನಕ್ಕೆ 4,500 ರೂಪಾಯಿ ಇತ್ತು. 2021ರ ಅಕ್ಟೋಬರ್‌ನಲ್ಲಿ ಅದನ್ನು 9,000 ಮಾಡಿದರು. ವೆಂಟಿಲೇಟರ್ ಇಲ್ಲದ್ದಕ್ಕೆ 3,600 ಇದ್ದದ್ದು 8,500 ಆಯಿತು. ಒಂದೇ ಏಟಿಗೆ ದುಪ್ಪಟ್ಟು ಮಾಡಬೇಕಾಯಿತು ಅಂದರೆ ಅಲ್ಲಿಯವರೆಗಿನ ರೇಟು ಹೇಗಿತ್ತು ನೀವೇ ಊಹಿಸಿ. ಸಾಮಾನ್ಯ ವಾರ್ಡಿಗೆ ಮಾತ್ರ 1,800 ಇದ್ದದ್ದು 2,100 ಆಯಿತು, ಅಷ್ಟೇ. ರಾಜ್ಯಗಳು ಈ ಪಟ್ಟಿಯನ್ನು ತಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು, ಹಾಗಾಗಿ ಎಲ್ಲ ಕಡೆ ಇದೇ ಅಂಕಿ ಇರುವುದಿಲ್ಲ.

ನಾನಿದ್ದ ಒಂದು ಆಸ್ಪತ್ರೆಯಲ್ಲಿ ಐಸಿಯು ಬಾಗಿಲ ಪಕ್ಕ ಬಿಳಿ ಬೋರ್ಡು ಇತ್ತು. ಸ್ಕೀಮ್ ಪೇಷಂಟ್‌ಗಳ ಬೆಡ್ ನಂಬರಿನ ಮುಂದೆ ಕೆಂಪು ಚುಕ್ಕೆ. ರಾತ್ರಿ ಕೇಸು ಬಂದರೆ ಡೆಸ್ಕ್‌ನವರು ಮೇಲಿನವರಿಗೆ ಫೋನ್ ಮಾಡಬೇಕಿತ್ತು. ಪೇಷಂಟ್ ಹೇಗಿದ್ದಾರೆ ಅನ್ನುವುದಕ್ಕಿಂತ ಮೊದಲು ಬರುತ್ತಿದ್ದ ಪ್ರಶ್ನೆ, 'ಕೆಂಪು ಎಷ್ಟಾಗಿದೆ?' ನಾಲ್ಕು ದಾಟಿದ್ದರೆ ಬೆಡ್ ಇಲ್ಲ ಅಂತ ಹೇಳಿಸುತ್ತಿದ್ದರು. ನಿಮ್ಮ ತಂದೆಯ ವಿಷಯದಲ್ಲೂ ಇಂಥದ್ದೇ ಏನೋ ನಡೆದಿರಬೇಕು.

ಇದು ಸರಿಯಾ ಅಂದರೆ ಖಂಡಿತ ಸರಿಯಲ್ಲ. ತುರ್ತಿನಲ್ಲಿ ಬಂದವರ ಜೀವ ಉಳಿಸುವುದು ಸರ್ಕಾರಿ, ಖಾಸಗಿ ಎರಡೂ ಕಡೆಯ ವೈದ್ಯರ ಕರ್ತವ್ಯ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ನಮ್ಮ ರಾಜ್ಯದ ಯೋಜನೆಯಲ್ಲಿ ತುರ್ತು ಪಟ್ಟಿಯ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಲೆಟರ್ ಕೂಡ ಬೇಕಿಲ್ಲ. ಆದರೆ ರೂಲ್ಸು ಎಷ್ಟೇ ಗಟ್ಟಿ ಇದ್ದರೂ, ಪ್ರತಿ ಪೇಷಂಟ್‌ಗೆ ಕೈಯಿಂದ ಹಾಕಬೇಕಾದ ಕಡೆ ಬಾಗಿಲು ಅರ್ಧ ಮುಚ್ಚಿಯೇ ಇರುತ್ತದೆ. ಇದನ್ನು ನಾನು ಆಸ್ಪತ್ರೆಯವರ ಪರವಾಗಿ ಹೇಳುತ್ತಿಲ್ಲ. ಮ್ಯಾನೇಜ್‌ಮೆಂಟಿನವರು ಅಳುವುದರಲ್ಲಿ ಅರ್ಧ ನಾಟಕ ಅಂತ ನನಗೂ ಗೊತ್ತು. ಇನ್ನರ್ಧ ಮಾತ್ರ ನಿಜ.

ರೇಟಿಗಿಂತ ದೊಡ್ಡ ತಲೆನೋವು ಬಾಕಿ, ಅಂದರೆ ಯೋಜನೆಯಿಂದ ಆಸ್ಪತ್ರೆಗೆ ಬರಬೇಕಾದ ದುಡ್ಡು. ಕ್ಲೇಮ್ ಹಾಕಿದ ಮೇಲೆ ಕ್ವೆರಿ (ವಿವರಣೆ ಕೇಳುವ ಪ್ರಶ್ನೆ) ಬರುತ್ತದೆ, ಉತ್ತರ ಕೊಟ್ಟರೆ ಇನ್ನೊಂದು ಕ್ವೆರಿ, ಕೊನೆಗೆ ಡಿಡಕ್ಷನ್, ಅಂದರೆ ಒಂದಷ್ಟು ಕಡಿತ. ದೊಡ್ಡ ಆಸ್ಪತ್ರೆಗಳು ಹೇಗೋ ತಡೆದುಕೊಳ್ಳುತ್ತವೆ. ತಾಲ್ಲೂಕು ಮಟ್ಟದ 30 ಬೆಡ್ಡಿನ ನರ್ಸಿಂಗ್ ಹೋಮ್‌ಗೆ ಔಷಧಿ ಸಪ್ಲೈ ಮಾಡುವವನು ತಿಂಗಳ ಕೊನೆಗೆ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ, ಅವನಿಗೆ ಕ್ವೆರಿ ಕಥೆ ಬೇಕಿಲ್ಲ. ಹಾಗಾಗಿ ಮೊದಲು ಯೋಜನೆಯಿಂದ ಕಳಚಿಕೊಳ್ಳುವುದು ಊರ ಹತ್ತಿರದ ಆಸ್ಪತ್ರೆಯೇ. 2025ರ ಆಗಸ್ಟ್‌ನಲ್ಲಿ ಹರಿಯಾಣದಲ್ಲಿ ನೂರಾರು ಖಾಸಗಿ ಆಸ್ಪತ್ರೆಗಳು ಬಾಕಿ ಬಂದಿಲ್ಲ ಅಂತ ಆಯುಷ್ಮಾನ್ ಚಿಕಿತ್ಸೆಯನ್ನೇ ನಿಲ್ಲಿಸಿದ್ದವು. ಕೇಂದ್ರ ಸರ್ಕಾರದ ನೌಕರರ ಆರೋಗ್ಯ ಯೋಜನೆ ಸಿಜಿಎಚ್‌ಎಸ್‌ ಕಥೆಯೂ ಬೇರೆಯಲ್ಲ. 2014ರ ರೇಟುಗಳನ್ನೇ ಎಳೆದುಕೊಂಡು ಬಂದು, ಪೂರ್ತಿ ಪರಿಷ್ಕರಣೆ ಆದದ್ದು 2025ರ ಅಕ್ಟೋಬರ್‌ನಲ್ಲಿ.

ರೇಟು ಏರಿಸಿದರೆ ನಿಜವಾಗಿ ಬಾಗಿಲು ತೆರೆಯುತ್ತದಾ? ಅಮೆರಿಕದಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಅಲ್ಲಿ ಬಡವರ ಮೆಡಿಕೇಡ್ ಯೋಜನೆ ವೈದ್ಯರಿಗೆ ಕೊಡುವುದು ಕಮ್ಮಿ. 2013 ಮತ್ತು 2014ರಲ್ಲಿ ಸಾಮಾನ್ಯ ವೈದ್ಯರ ಫೀಸನ್ನು ವೃದ್ಧರ ಮೆಡಿಕೇರ್ ಯೋಜನೆಯ ಮಟ್ಟಕ್ಕೆ ಏರಿಸಿದರು. 10 ರಾಜ್ಯಗಳಲ್ಲಿ ಸಂಶೋಧಕರ ಕಡೆಯವರು ಹೊಸ ಪೇಷಂಟ್ ಅಂತ ಹೇಳಿಕೊಂಡು ಕ್ಲಿನಿಕ್‌ಗಳಿಗೆ ಫೋನ್ ಮಾಡಿದರು. ಏರಿಸುವ ಮೊದಲು ಮೆಡಿಕೇಡ್ ಹೆಸರು ಹೇಳಿದವರಲ್ಲಿ ಶೇ 58.7 ಜನರಿಗೆ ಅಪಾಯಿಂಟ್‌ಮೆಂಟ್ ಸಿಕ್ಕಿತ್ತು, ಆಮೇಲೆ ಶೇ 66.4 ಜನರಿಗೆ. ಬಾಗಿಲು ಸ್ವಲ್ಪ ತೆರೆಯಿತು, ಪೂರ್ತಿ ಅಲ್ಲ.

ಅದಕ್ಕೇ ಎಲ್ಲ ರೇಟನ್ನೂ ಕಣ್ಣು ಮುಚ್ಚಿ ಏರಿಸಿ ಅಂತ ನಾನು ಹೇಳುವುದಿಲ್ಲ. ಗಿಟ್ಟುವ ಕೋಡಿಗೆ ಇನ್ನಷ್ಟು ಕೊಟ್ಟರೆ ಬೇಡದ ಪ್ರೊಸೀಜರ್‌ಗಳೂ ಜಾಸ್ತಿ ಆಗುತ್ತವೆ. ಐಸಿಯು, ಸ್ಟ್ರೋಕ್, ಸುಟ್ಟ ಗಾಯದಂಥ ಕೇಸುಗಳ ರೇಟು ಸರಿಮಾಡಿ, ಹೇಳಿದ ದಿನಕ್ಕೆ ದುಡ್ಡು ಹಾಕಿದರೆ, ಕೆಂಪು ಚುಕ್ಕೆ ಎಣಿಸುವವರ ಬಾಯಿಗೆ ನೆಪ ಉಳಿಯುವುದಿಲ್ಲ.

ಇನ್ನು ನಿಮಗೆ ಬೇಕಾದದ್ದು. ಆಸ್ಪತ್ರೆ ಯೋಜನೆಯಲ್ಲಿದೆ ಅಂದ ಮಾತ್ರಕ್ಕೆ ಎಲ್ಲ ವಿಭಾಗವೂ ಇದೆ ಅಂತಲ್ಲ. ಎಂಪ್ಯಾನೆಲ್ ಆಗುವುದು, ಅಂದರೆ ಯೋಜನೆಯ ಪಟ್ಟಿಗೆ ಸೇರುವುದು, ವಿಭಾಗವಾರು. ಹೃದಯಕ್ಕೆ ಇದ್ದು ನರರೋಗಕ್ಕೆ ಇಲ್ಲದಿರಬಹುದು. 'ನ್ಯೂರೋಗೆ ಎಂಪ್ಯಾನೆಲ್ ಇದೆಯಾ?' ಅಂತ ನೇರವಾಗಿ ಕೇಳಿ. ಇದೆ ಅಂದು ಬೆಡ್ ಇಲ್ಲ ಅಂದರೆ ಆರೋಗ್ಯ ಮಿತ್ರ (ಯೋಜನೆಯ ಪೇಷಂಟ್‌ಗಳಿಗೆ ಆಸ್ಪತ್ರೆಯಲ್ಲಿ ನೆರವಾಗುವವರು) ಎಲ್ಲಿ ಅಂತ ಕೇಳಿ, ಅಲ್ಲೇ ನಿಂತು ಯೋಜನೆಯ ಸಹಾಯವಾಣಿ 14555ಕ್ಕೆ ಫೋನ್ ಮಾಡಿ. ಈ ಯೋಜನೆ ಕ್ಯಾಶ್‌ಲೆಸ್, ಬಿಲ್ ಕಟ್ಟಿ ಆಮೇಲೆ ವಾಪಸ್ ಪಡೆಯುವ ಪದ್ಧತಿ ಅಲ್ಲ. ಹಾಗಾಗಿ ಕ್ಯಾಶ್ ಪೇಷಂಟ್ ಅಂತ ಸಹಿ ಹಾಕುವ ಮೊದಲೇ ಈ ಗಲಾಟೆ ಮಾಡಬೇಕು. ನಿಮ್ಮ ಕೈಯಲ್ಲಿ ಈಗ ಬಿಲ್ಲುಗಳಿದ್ದರೆ ಬಿಸಾಡಬೇಡಿ, ದೂರಿನ ಜೊತೆ ಪ್ರತಿ ಲಗತ್ತಿಸಿ.

ಪ್ರಶ್ನೆ: ನಾವು ಪ್ರತಿವರ್ಷ ಪ್ರೀಮಿಯಂ ಕಟ್ಟಿ ಖಾಸಗಿ ಪಾಲಿಸಿ ಇಟ್ಟುಕೊಂಡಿದ್ದೇವೆ. ನಾವು ಯಾವಾಗಲೂ ಹೋಗುವ ಆಸ್ಪತ್ರೆಯವರು ಈಗ 'ನಿಮ್ಮ ಕಂಪನಿಗೆ ಕ್ಯಾಶ್‌ಲೆಸ್ ನಿಲ್ಲಿಸಿದ್ದೇವೆ' ಅನ್ನುತ್ತಿದ್ದಾರೆ. ಪಾಲಿಸಿ ಬದಲಿಸಲೇ?
ಗೃಹಿಣಿ, ಮೈಸೂರು

ಉತ್ತರ: ಅವಸರ ಬೇಡ. ಇದೂ ರೇಟಿನ ಜಗಳವೇ, ಸರ್ಕಾರದ ಜಾಗದಲ್ಲಿ ಕಂಪನಿ ಇದೆ ಅಷ್ಟೇ. ಹಳೇ ಟಾರಿಫ್ ಏರಿಸಿ ಅಂತ ಆಸ್ಪತ್ರೆ, ಆಗಲ್ಲ ಅಂತ ಕಂಪನಿ. ಮಧ್ಯೆ ಪೇಷಂಟ್. ಇಂಥ ಜಗಳ ಎಷ್ಟೋ ಸಲ ಮಾತುಕತೆಯಲ್ಲಿ ಮುಗಿಯುತ್ತದೆ.

ಅಲ್ಲಿಯವರೆಗೆ ಒಂದು ದಾರಿ ಇದೆ. 2024ರ ಜನವರಿಯಲ್ಲಿ 'ಕ್ಯಾಶ್‌ಲೆಸ್ ಎವರಿವೇರ್' ಬಂದಿದೆ. ನೆಟ್‌ವರ್ಕ್‌ನಲ್ಲಿ ಇಲ್ಲದ ಆಸ್ಪತ್ರೆಯಾದರೂ, ಮೊದಲೇ ಗೊತ್ತಿರುವ ಆಪರೇಷನ್‌ಗೆ 48 ಗಂಟೆ ಮುಂಚೆ ಕಂಪನಿಗೆ ತಿಳಿಸಿ ಕೇಳಬಹುದು. ತುರ್ತಾದರೆ ಅಡ್ಮಿಟ್ ಆದ 48 ಗಂಟೆಯೊಳಗೆ ತಿಳಿಸಬೇಕು. ಆಸ್ಪತ್ರೆ ಒಪ್ಪಲೇಬೇಕು ಅಂತಿಲ್ಲ, ಮೊದಲೇ ವಿಚಾರಿಸಿಕೊಳ್ಳಿ. ಒಪ್ಪದಿದ್ದರೆ ಬಿಲ್ ಕಟ್ಟಿ ರಿಇಂಬರ್ಸ್‌ಮೆಂಟ್. ಪಾಲಿಸಿ ಬದಲಿಸುವುದೇ ಆದರೆ ಹೊಸದು ಮಾಡಿಸಬೇಡಿ, ಪೋರ್ಟ್ ಮಾಡಿಸಿ, ಅಂದರೆ ಇರುವ ಪಾಲಿಸಿಯನ್ನೇ ಬೇರೆ ಕಂಪನಿಗೆ ವರ್ಗಾಯಿಸಿಕೊಳ್ಳಿ. ರಿನ್ಯೂವಲ್‌ಗೆ 45 ದಿನ ಮುಂಚೆ ಅರ್ಜಿ ಹಾಕಿದರೆ ನೀವು ಈಗಾಗಲೇ ಕಳೆದ ವೇಟಿಂಗ್ ಪೀರಿಯಡ್ (ಕೆಲವು ಕಾಯಿಲೆಗೆ ಕ್ಲೇಮ್ ಸಿಗದ ಆರಂಭದ ಅವಧಿ) ಲೆಕ್ಕಕ್ಕೆ ಬರುತ್ತದೆ.

ಪ್ರಶ್ನೆ: ಬಿಪಿಎಲ್ ಕಾರ್ಡಿನಲ್ಲಿ ಆಪರೇಷನ್ ಆಯಿತು. 'ಪ್ಯಾಕೇಜ್ ಸಾಲಲ್ಲ, ಡಿಫರೆನ್ಸ್ ಕಟ್ಟಿ' ಅಂತ ಕೇಳುತ್ತಿದ್ದಾರೆ. ಕಟ್ಟಬೇಕಾ?
ಓದುಗರು, ಕೊಪ್ಪಳ

ಉತ್ತರ: ಕಟ್ಟಬೇಡಿ. ಎಪಿಎಲ್ ಕಾರ್ಡಿನವರಾದರೆ ಪ್ಯಾಕೇಜ್ ರೇಟಿನ ಶೇ 30ರಷ್ಟನ್ನು ಮಾತ್ರ ಯೋಜನೆ ಕೊಡುತ್ತದೆ, ಉಳಿದದ್ದು ಅವರದು. ಬಿಪಿಎಲ್‌ನವರಿಗೆ ಆ ಲೆಕ್ಕ ಇಲ್ಲ. 'ರಸೀದಿಯಲ್ಲಿ ಡಿಫರೆನ್ಸ್ ಅಂತಲೇ ಬರೆದುಕೊಡಿ' ಅಂತ ಒಮ್ಮೆ ಹೇಳಿ ನೋಡಿ. ಎಷ್ಟೋ ಕೌಂಟರ್‌ಗಳಲ್ಲಿ ಮಾತು ಅಲ್ಲಿಗೇ ನಿಲ್ಲುತ್ತದೆ.