ಹಳ್ಳದ ಮೆಕ್ಕಲು ಮಣ್ಣಿನಲ್ಲಿ ಏನಿದೆ ಎಂದು ಕೇಳಿದವರಿಗೆ

ಮೆಕ್ಕಲು ತುಂಬಿದ ಸಣ್ಣ ಹಳ್ಳದ ಬಯಲಿನಲ್ಲಿ ಭೂವಿಜ್ಞಾನಿಗಳಿಗೆ ಅಂಥದ್ದೇನಿದೆ, ಅದು ಬರೀ ಕೊಚ್ಚಿಬಂದ ಮಣ್ಣಲ್ಲವೇ ಎಂದು ಕೇಳಿದ್ದೀರಿ. ಕೊಚ್ಚಿಬಂದದ್ದು ನಿಜ, ಆದರೆ ಹೇಗೆಂದರೆ ಹಾಗೆ ಬಿದ್ದದ್ದಲ್ಲ.

ನೀರು ಕೊರೆದು ಗೋಡೆಯಂತೆ ನಿಂತ ದಂಡೆಯನ್ನು ಹತ್ತಿರದಿಂದ ನೋಡಿ. ಸಾಮಾನ್ಯವಾಗಿ ಬುಡದಲ್ಲಿ ಉರುಟುಗಲ್ಲು, ಮೇಲೆ ಮರಳು, ಅದರ ಮೇಲೆ ನುಣ್ಣನೆಯ ಜೇಡಿ. ಕಲ್ಲು ಉರುಳಲು ರಭಸದ ನೀರೇ ಬೇಕು. ಜೇಡಿ ತಳ ಸೇರಲು ನೀರು ಹೆಚ್ಚುಕಡಿಮೆ ನಿಂತಿರಬೇಕು. ಅಂದರೆ ಹಳ್ಳ ಪಕ್ಕಕ್ಕೆ ಸರಿದದ್ದು, ಪ್ರವಾಹ ಇಳಿದದ್ದು ಅಲ್ಲೇ ದಾಖಲಾಗಿದೆ. ಚಪ್ಪಟೆ ಕಲ್ಲುಗಳು ಹೆಂಚು ಹೊದಿಸಿದಂತೆ ಒಂದಕ್ಕೊಂದು ಒರಗಿದ್ದರೆ ಇನ್ನೂ ಒಳ್ಳೆಯದು: ಅವುಗಳ ಮೇಲ್ಮೈ ಇಳಿಜಾರಾಗಿರುವುದು ನೀರು ಬಂದ ಕಡೆಗೆ. ಎಂದೋ ಬತ್ತಿಹೋದ ಹಳ್ಳ ಯಾವ ದಿಕ್ಕಿಗೆ ಹರಿಯುತ್ತಿತ್ತು ಎಂಬುದನ್ನೂ ಹೀಗೆ ಹೇಳಬಹುದು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ನಡುವೆ ಸಿಗುವ ಕಪ್ಪು ಪಟ್ಟಿ. ಎಷ್ಟೋ ಸಲ ಅದು ಹೂತುಹೋದ ಹಳೆಯ ಮೇಲ್ಮಣ್ಣು. ಗಿಡಗಂಟಿ ಬೇರೂರುವಷ್ಟು ಕಾಲ ಅಲ್ಲಿ ಹೂಳು ಬಿದ್ದಿರಲಿಲ್ಲ. ಅದರಲ್ಲಿ ಇದ್ದಿಲ ಚೂರು ಸಿಕ್ಕರೆ ಸುಮಾರು 50,000 ವರ್ಷಗಳವರೆಗಿನ ವಯಸ್ಸನ್ನು ರೇಡಿಯೋಕಾರ್ಬನ್‌ನಿಂದ, ಅಂದರೆ ಕಾಲ ಕಳೆದಂತೆ ಕಡಿಮೆಯಾಗುವ ವಿಕಿರಣಶೀಲ ಇಂಗಾಲ ಎಷ್ಟು ಉಳಿದಿದೆ ಎಂದು ನೋಡಿ, ಅಳೆಯಬಹುದು. ಸಿಗದಿದ್ದರೆ, ಮರಳಿನ ಕಣ ಕೊನೆಯ ಬಾರಿ ಬಿಸಿಲು ಕಂಡದ್ದು ಯಾವಾಗ ಎಂದು ಪತ್ತೆಹಚ್ಚುವ ವಿಧಾನವೂ ಇದೆ.

ಅಂತರ್ಜಲ ಹಿಡಿದಿಡುವುದು, ಚಿನ್ನದಂಥ ಭಾರದ ಖನಿಜ ತಳದಲ್ಲಿ ಸೇರುವುದು ಎಲ್ಲ ಇದ್ದದ್ದೇ. ಒಂದು ಎಚ್ಚರ ಮಾತ್ರ ಬೇಕು: ಹಳ್ಳ ತಾನು ಹಾಸಿದ ಪದರಗಳನ್ನು ತಾನೇ ಕೊರೆದು ಒಯ್ಯುತ್ತದೆ. ಹಾಗಾಗಿ ಒಂದೇ ದಂಡೆ ನೋಡಿ ತೀರ್ಮಾನಕ್ಕೆ ಬರಬೇಡಿ, ಎದುರು ದಂಡೆಯನ್ನೂ ಹೋಲಿಸಿ ನೋಡಿ.