ಕನಿಷ್ಠ ಕೂಲಿ ಏರಿಸಿದ್ರೆ ಸಣ್ಣ ಬೇಕರಿ ಮುಚ್ಚಬೇಕಾಗುತ್ತಾ? ಸಂಬಳದ ಲೆಕ್ಕ ಬರೆಯೋಳ ಉತ್ತರ

ನಿಮ್ಮ ಪ್ರಶ್ನೆ ಓದಿದೆ. ಸಾಗರದಲ್ಲಿ ಸಣ್ಣ ಬೇಕರಿ ಇದೆ, ಏಳು ಜನ ಕೆಲಸಕ್ಕಿದಾರೆ, ಸರ್ಕಾರ ಕನಿಷ್ಠ ಕೂಲಿ ಏರಿಸಿದ್ರೆ ಅವ್ರಿಗೆ ನಿಜವಾಗ್ಲೂ ಲಾಭ ಆಗುತ್ತಾ ಇಲ್ಲ ನಮ್ಮಂಥೋರು ಬಾಗಿಲು ಹಾಕಿ ಅವ್ರ ಕೆಲಸಾನೂ ಹೋಗುತ್ತಾ, ಹೊಸ ರೇಟು ಬರೋವರೆಗೆ ಕಾಯ್ಲಾ ಈಗ್ಲೇ ಕೊಡ್ಲಾ ಅಂತ ಕೇಳಿದೀರ. ನಾನು ಶಿವಮೊಗ್ಗದಲ್ಲಿ ಹದಿನಾಲ್ಕು ವರ್ಷದಿಂದ ಅಂಗಡಿ, ಹೋಟೆಲ್ಲು, ಸಣ್ಣಪುಟ್ಟ ಫ್ಯಾಕ್ಟರಿಗಳ ಸಂಬಳದ ಲೆಕ್ಕ ಬರ್ಕೊಡ್ತೀನಿ, ಪಿಎಫ್ಫು (ಕೆಲಸಗಾರರ ಭವಿಷ್ಯ ನಿಧಿ), ಇಎಸ್ಐ (ಅವ್ರ ಆಸ್ಪತ್ರೆ ಖರ್ಚಿನ ವಿಮೆ) ಎಲ್ಲ ನಾನೇ ಕಟ್ಟಿಸೋದು. ನನ್ನ ಓದಿಸಿದ್ದು ನಮ್ಮಮ್ಮ, ಬೇರೆಯೋರ ಮನೇಲಿ ಅಡಿಕೆ ಸುಲಿದು. ಏರಿಸಲೇಬೇಕು ಅನ್ನೋಳು ನಾನು. ಯಾಕೆ ಅಂತ ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ತಾಳ್ಮೆ ಇರ್ಲಿ.

ನಮ್ಮೂರು ಹೊಸನಗರ ತಾಲ್ಲೂಕಲ್ಲಿ. ನಾನು ಚಿಕ್ಕೋಳಿದ್ದಾಗ ಊರಿಗೆ ದಿನಕ್ಕೆ ಎರಡೇ ಬಸ್ಸು, ಬೆಳಿಗ್ಗೆ ಒಂದು ಪೇಟೆಗೆ ಹೋಗೋದು, ಸಂಜೆ ಅದೇ ಬಸ್ಸು ವಾಪಸ್ ಬರೋದು. ಮಳೆಗಾಲದಲ್ಲಿ ಅದೂ ಗ್ಯಾರಂಟಿ ಇರ್ಲಿಲ್ಲ. ನಡೆದು ಹೋಗೋ ದೂರದಲ್ಲಿ ಜಾಸ್ತಿ ಅಡಿಕೆ ಇದ್ದಿದ್ದು ಒಂದೇ ಮನೆ. ದೀಪಾವಳಿ ಕಳೀತಿದ್ದಂಗೆ ಕೊಯ್ಲು ಶುರುವಾದ್ರೆ ಅಮ್ಮ, ಚಿಕ್ಕಮ್ಮ, ಅಕ್ಕಪಕ್ಕದ ಹೆಂಗಸ್ರು ಎಲ್ಲ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿ ಮುಂದೆ ಕೂತು ಸುಲೀತಿದ್ರು. ಕೂಲಿ ಲೆಕ್ಕ ದಿನಕ್ಕಲ್ಲ, ಸುಲಿದಷ್ಟಕ್ಕೆ. ರೇಟು ಎಷ್ಟು ಅಂತ ಆ ಮನೆಯೋರು ಹೇಳೋರು, ಇವ್ರು ಹೂಂ ಅನ್ನೋರು. ಆ ಮನೆಯೋರು ಕೆಟ್ಟೋರು ಅಂತ ಹೇಳ್ತಿಲ್ಲ ನಾನು, ನಮ್ಮ ಅಪ್ಪಂಗೆ ಹುಷಾರಿಲ್ಲದಾಗ ಆಸ್ಪತ್ರೆಗೆ ಜೀಪು ಕಳ್ಸಿದ್ದೂ ಅವ್ರೇ. ಆದ್ರೆ ನಮ್ಮಮ್ಮನ ಕೂಲಿ ಎಷ್ಟು ಅನ್ನೋದು ಅವ್ಳು ಎಷ್ಟು ಚುರುಕಾಗಿ ಸುಲೀತಾಳೆ, ಆ ವರ್ಷ ರಾಶಿ ಅಡಿಕೆಗೆ ಮಂಡೀಲಿ ಎಷ್ಟು ಧಾರಣೆ ಇದೆ ಅನ್ನೋದ್ರ ಮೇಲೆ ಯಾವತ್ತೂ ನಿಂತಿರ್ಲಿಲ್ಲ. ಬೇಡ ಅಂದ್ರೆ ಇವ್ಳು ಬೇರೆ ಎಲ್ಲಿಗೆ ಹೋಗ್ತಾಳೆ? ಅದ್ರ ಮೇಲೆ ನಿಂತಿತ್ತು. ಎಲ್ಲಿಗೂ ಹೋಗೋಕೆ ಆಗ್ತಿರ್ಲಿಲ್ಲ, ಅಷ್ಟೇ.

ಇದು ಬದಲಾಗಿದ್ದು ಉದ್ಯೋಗ ಖಾತ್ರಿ ಬಂದ ಮೇಲೆ. 2008ರ ಏಪ್ರಿಲ್‌ನಿಂದ ದೇಶದ ಎಲ್ಲ ಗ್ರಾಮೀಣ ಜಿಲ್ಲೆಗೂ ಬಂತಲ್ಲ ಅದು, ಗಂಡಾಳಿಗೂ ಹೆಣ್ಣಾಳಿಗೂ ಒಂದೇ ಕೂಲಿ. ನಮ್ಮೂರಲ್ಲಿ ಕೆರೆ ಹೂಳು ತೆಗೆಯೋ ಕೆಲಸ ಕೊಟ್ಟಿದ್ದು ವರ್ಷದಲ್ಲಿ ಕೆಲವೇ ವಾರ ಇರಬೇಕು. ಆದ್ರೂ ಮುಂದಿನ ಕೊಯ್ಲಿಗೆ ಸುಲಿಯೋ ರೇಟು ಯಾರೂ ಕೇಳದೇನೆ ಏರ್ತು. ಅಮ್ಮ ಖಾತ್ರಿಗೆ ಹೋಗೋದು ಬೇಕಾಗ್ಲಿಲ್ಲ, ಹೋಗಬಹುದು ಅನ್ನೋದೊಂದೇ ಸಾಕಾಯ್ತು. ನನಗೆ ಆಮೇಲೆ ಕಾಮರ್ಸ್ ಓದುವಾಗ ಪುಸ್ತಕದಲ್ಲಿ ಬೇಡಿಕೆ ಪೂರೈಕೆ ಗೆರೆ ಎಳೆದು, ಕೂಲಿ ಏರಿಸಿದ್ರೆ ಕೆಲಸ ಕಮ್ಮಿ ಆಗುತ್ತೆ ಅಂತ ಹೇಳಿಕೊಟ್ಟಾಗ ಮನಸ್ಸು ಒಪ್ಪಲೇ ಇಲ್ಲ. ನಮ್ಮೂರಲ್ಲಿ ಕೂಲಿ ಏರಿದ ವರ್ಷ ಸುಲಿಯೋಕೆ ಬರೋರು ಜಾಸ್ತಿ ಆಗಿದ್ರು, ಆಚೆ ಹಳ್ಳಿಯಿಂದಾನೂ ಬಂದಿದ್ರು.

ಆ ಗೆರೆ ಪೂರ್ತಿ ಸುಳ್ಳು ಅಂತಲ್ಲ. ಹತ್ತು ಕಡೆ ಕೆಲಸ ಇದ್ದು ಕೆಲಸಗಾರ ಬೇಕಾದ ಕಡೆ ಹೋಗೋ ಹಾಗಿದ್ರೆ ಅದು ಸರಿ. ಕೆಲಸ ಕೊಡೋರು ಒಬ್ರೋ ಇಬ್ರೋ ಇದ್ದಾಗ ಲೆಕ್ಕ ಬೇರೆ ಆಗುತ್ತೆ, ಯಾಕಂದ್ರೆ ಅಲ್ಲಿ ಕೂಲಿ ಮೊದಲೇ ಇರಬೇಕಾದಷ್ಟಕ್ಕಿಂತ ಕೆಳಗಿರುತ್ತೆ, ಸ್ವಲ್ಪ ಮೇಲೆತ್ತಿದ್ರೆ ಯಾರ ಕೆಲಸಾನೂ ಹೋಗಲ್ಲ. ಅಮೆರಿಕದಲ್ಲಿ 1992ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿ ರಾಜ್ಯ ಗಂಟೆ ಕೂಲಿನ 4.25 ಡಾಲರ್‌ನಿಂದ 5.05ಕ್ಕೆ ಏರಿಸ್ತು, ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಡೇವಿಡ್ ಕಾರ್ಡ್, ಅಲನ್ ಕ್ರೂಗರ್ ಅಂತ ಇಬ್ರು ಅರ್ಥಶಾಸ್ತ್ರಜ್ಞರು ಎರಡೂ ಕಡೆ ಸೇರಿ 410 ಫಾಸ್ಟ್‌ಫುಡ್ ಹೋಟೆಲ್ ಹಿಡ್ಕೊಂಡು ಏರಿಕೆಗೆ ಮುಂಚೆ, ಏರಿಕೆ ಆದ್ಮೇಲೆ ಎಷ್ಟು ಜನ ಕೆಲಸಕ್ಕಿದಾರೆ ಅಂತ ಲೆಕ್ಕ ಹಾಕಿದ್ರು. ನ್ಯೂಜೆರ್ಸಿಲಿ ಕೆಲಸ ಕಮ್ಮಿ ಆಗಿರ್ಲಿಲ್ಲ. ಅದಕ್ಕೆ ತಕರಾರು ತೆಗೆದ ಅರ್ಥಶಾಸ್ತ್ರಜ್ಞರೂ ಇದಾರೆ, ವರ್ಷಗಟ್ಟಲೆ ಜಗಳ ಆಡಿದ್ರು, ಆದ್ರೆ ಕಾರ್ಡ್ ಅವ್ರಿಗೆ 2021ರಲ್ಲಿ ನೊಬೆಲ್ ಬಂತು, ಈ ಥರದ ಕೆಲಸಕ್ಕೇ. ಜರ್ಮನಿ 2015ರ ಜನವರಿಲಿ ಮೊದಲ ಸಲ ದೇಶಕ್ಕೆಲ್ಲ ಒಂದೇ ಕನಿಷ್ಠ ಕೂಲಿ ತಂತು, ಗಂಟೆಗೆ 8.50 ಯೂರೋ. ಲಕ್ಷಾಂತರ ಕೆಲಸ ಹೋಗುತ್ತೆ ಅಂತ ಹೆದರಿಸಿದ್ರು, ಹಾಗಾಗ್ಲಿಲ್ಲ.

ಈಗ ನಮ್ಮ ಕಡೆಗೆ ಬರೋಣ. ಅಡಿಕೆ ತೋಟದಲ್ಲಿ ಇವತ್ತು ಕನಿಷ್ಠ ಕೂಲಿಗೂ ನಿಜವಾದ ಕೂಲಿಗೂ ಸಂಬಂಧಾನೇ ಇಲ್ಲ. ಅಡಿಕೆ ಗೊನೆ ತೆಗೆಯೋರು, ಮಳೆಗಾಲದಲ್ಲಿ ಮರ ಹತ್ತಿ ಬೋರ್ಡೋ ಔಷಧಿ ಹೊಡೆಯೋರು ಸಿಗೋದೇ ಕಷ್ಟ, ಅವ್ರು ಕೇಳಿದ್ದೇ ರೇಟು, ಮರದಿಂದ ಬಿದ್ರೆ ಜೀವ ಹೋಗೋ ಕೆಲಸ ಅದು, ಕೇಳ್ಲಿ ಬಿಡಿ. ಸರ್ಕಾರದ ರೇಟು ಯಾರಿಗೆ ಬೇಕು ಅಂದ್ರೆ ಪೇಟೇಲಿರೋರಿಗೆ. ಬಟ್ಟೆ ಅಂಗಡಿ ಹುಡುಗಿ, ಹೋಟೆಲ್ ಪಾತ್ರೆ ತೊಳೆಯೋ ಅಜ್ಜಿ, ಪೆಟ್ರೋಲ್ ಬಂಕ್ ಹುಡುಗ, ನರ್ಸಿಂಗ್ ಹೋಮಿನ ಆಯಾ, ನಿಮ್ಮ ಕೌಂಟರಲ್ಲಿ ನಿಂತಿರೋ ಹುಡುಗಿ. ಅವ್ಳು ಹಳ್ಳಿಯಿಂದ ಬರೋಳಾಗಿದ್ರೆ ಸಂಜೆ ಆರೂವರೆ ಬಸ್ಸು ತಪ್ಪಿದ್ರೆ ಮನೆ ಇಲ್ಲ. ಹಾಗಾಗಿ ಆ ಬಸ್ ಸ್ಟ್ಯಾಂಡಿಂದ ನಡೆದು ಹೋಗೋ ದೂರದಲ್ಲಿ, ಆರು ಗಂಟೆಗೆ ಬಿಡೋ ಅಂಗಡಿ ಎಷ್ಟಿವೆಯೋ ಅಷ್ಟೇ ಅವ್ಳ ಪ್ರಪಂಚ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ಬಯಲುಸೀಮೆ ಹೆಂಗಸ್ರಿಗೆ ದೂರದ ಕೆಲಸಕ್ಕೂ ಹೋಗೋಕೆ ದಾರಿ ಆಯ್ತು, ನಮ್ಮ ಮಲೆನಾಡಲ್ಲಿ ಎಷ್ಟೋ ರೂಟಿಗೆ ಇರೋದು ಪ್ರೈವೇಟ್ ಬಸ್ಸು, ಅದ್ರಲ್ಲಿ ಫ್ರೀ ಇಲ್ಲ, ದಿನದ ಕೂಲಿಲಿ ಬಸ್ ಚಾರ್ಜೇ ಇಷ್ಟು ಹೋಗುತ್ತೆ. ಅವ್ಳಿಗೆ ಇನ್ನೊಂದು ಬಸ್ಸಿಲ್ಲ. ನಮ್ಮಮ್ಮಂಗೆ ಖಾತ್ರಿ ಮಾಡಿದ ಕೆಲಸಾನ ಇವ್ಳಿಗೆ ಕನಿಷ್ಠ ಕೂಲಿ ಮಾಡಬೇಕು, ಬಾಯಿಬಿಟ್ಟು ಕೇಳೋಕಾಗದ ಹುಡುಗಿ ಪರವಾಗಿ ಅದು ರೇಟು ಕೇಳುತ್ತೆ.

ಸರಿ, ನಿಮ್ಮ ಲೆಕ್ಕ ಮಾಡೋಣ, ನೀವು ಹೆದರಿರೋದು ಅದಕ್ಕೇ ತಾನೆ. ಏಳೂ ಜನಕ್ಕೂ ತಿಂಗಳಿಗೆ ಎರಡೆರಡು ಸಾವಿರ ಜಾಸ್ತಿ ಕೊಡಬೇಕಾಗಿ ಬಂತು ಅಂತ ಇಟ್ಕೊಳ್ಳಿ. ತಿಂಗಳಿಗೆ 14,000, ದಿನಕ್ಕೆ ಸುಮಾರು 467. ಸಾಗರದಂಥ ಊರಲ್ಲಿ ಏಳು ಜನ ಇರೋ ಬೇಕರಿಗೆ ದಿನಕ್ಕೆ ಹದಿನೈದು ಸಾವಿರ ವ್ಯಾಪಾರ ಅಂದ್ರೂ ಇದು ನೂರಕ್ಕೆ ಮೂರು ರೂಪಾಯಿ ಚಿಲ್ಲರೆ. ಇಪ್ಪತ್ತು ರೂಪಾಯಿ ಪಫ್ ಮೇಲೆ ಅರವತ್ತೆರಡು ಪೈಸೆ. ಇಪ್ಪತ್ತೊಂದು ಮಾಡಿದ್ರೆ ಗಿರಾಕಿ ಓಡಿ ಹೋಗ್ತಾರಾ? ಮೈದಾ, ಎಣ್ಣೆ, ಗ್ಯಾಸ್ ಏರಿದಾಗ ನೀವು ಎರಡು ರೂಪಾಯಿ ಏರಿಸಿಲ್ವಾ? ಏಳೇ ಜನ ಇರೋದ್ರಿಂದ ನಿಮಗೆ ಇಎಸ್ಐ ಸಾಮಾನ್ಯವಾಗಿ ಬರಲ್ಲ, ಅದು ಹತ್ತು ಜನ ಆದ್ಮೇಲೆ, ಪಿಎಫ್ ಇಪ್ಪತ್ತು ಜನ ಆದ್ಮೇಲೆ, ಹಾಗಾಗಿ ಸಂಬಳದ ಮೇಲೆ ಬೇರೆ ಖರ್ಚು ಅಂಟಿಕೊಳ್ಳಲ್ಲ. ಇನ್ನೊಂದು, ವರ್ಷಕ್ಕೆ ಎಷ್ಟು ಜನ ಬಿಟ್ಟು ಹೋಗ್ತಾರೆ ನಿಮ್ಮಲ್ಲಿ? ಒಲೆ ಮುಂದೆ ಕೆಲಸ ಕಲಿತ ಹುಡುಗ ಹಬ್ಬಕ್ಕೆ ಅಂತ ಊರಿಗೆ ಹೋದೋನು ಬರದೇ ಇದ್ರೆ ಹೊಸಬನಿಗೆ ಕಲಿಸೋ ತಿಂಗಳಲ್ಲಿ ಸೀದು ಹೋದ ಬ್ರೆಡ್ಡಿನ ಲೆಕ್ಕ ಯಾರೂ ಬರೆಯಲ್ಲ. ನಾನು ಲೆಕ್ಕ ನೋಡೋ ಒಂದು ಹೋಟೆಲ್ಲಲ್ಲಿ ಸಂಬಳ ಸರಿ ಮಾಡಿದ ಮೇಲೆ ಮೂರು ವರ್ಷದಿಂದ ಅದೇ ಅಡುಗೆಯೋರು ಇದಾರೆ.

ನೀವೊಬ್ರೇ ಏರಿಸಿ ಎದುರಿನ ಬೇಕರಿ ಏರಿಸದೇ ಇದ್ರೆ ಮಾತ್ರ ನಿಮಗೆ ಹೊಡೆತ. ಕಾನೂನಿನ ಉಪಯೋಗ ಇಲ್ಲೇ ಇರೋದು. ಎಲ್ರಿಗೂ ಒಂದೇ ದಿನ ಏರಿದ್ರೆ ಒಳ್ಳೆ ಮನಸ್ಸಿರೋನು ನಷ್ಟ ಮಾಡ್ಕೊಳ್ಳಲ್ಲ. ಆದ್ರೆ ಇದು ಸರಿಯಾಗಿ ಜಾರಿ ಆದಾಗ ಮಾತ್ರ, ನನಗೆ ಸಿಟ್ಟು ಬರೋದೂ ಇಲ್ಲೇ. ಕೆಲವು ವರ್ಷದ ಹಿಂದೆ ಒಬ್ಬ ಗುತ್ತಿಗೆದಾರನ ಲೆಕ್ಕ ಬರೀತಿದ್ದೆ. ಬ್ಯಾಂಕಿಗೆ ಪೂರ್ತಿ ಕನಿಷ್ಠ ಕೂಲಿ ಹಾಕ್ತಿದ್ದ, ರಿಜಿಸ್ಟರ್ ಎಲ್ಲ ಪಕ್ಕಾ. ಬಟವಾಡೆ ಆದ ಮಾರನೇ ದಿನ ಅವ್ನ ಸೂಪರ್‌ವೈಸರು ಕಸ ಗುಡಿಸೋ ಹೆಂಗಸರನ್ನ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಹತ್ರ ಮೂರು ಸಾವಿರ ವಾಪಸ್ ಇಸ್ಕೊಳ್ತಿದ್ದ, ಇದು ಗೊತ್ತಾಗಿದ್ದು ಅವ್ರಲ್ಲೊಬ್ಳು ನನ್ನ ಹತ್ರ ಬಂದು ಅಕ್ಕಾ ಸ್ಲಿಪ್ಪಲ್ಲಿ ಇರೋ ದುಡ್ಡಿಗೆ ನಾನು ಟ್ಯಾಕ್ಸ್ ಕಟ್ಟಬೇಕಾ ಅಂತ ಕೇಳಿದಾಗ. ಆ ಲೆಕ್ಕ ನಾನು ಬಿಟ್ಟೆ. ಬಿಟ್ಟಿದ್ರಿಂದ ಆ ಹೆಂಗಸಿಗೆ ಏನೂ ಸಿಗ್ಲಿಲ್ಲ, ಅದು ಇವತ್ತಿಗೂ ಕೊರೀತಾ ಇದೆ. ಇನ್ನೂ ಕೆಲವರು 26 ದಿನ ದುಡಿಸಿ ಹಾಜರಿ ಪುಸ್ತಕದಲ್ಲಿ 18 ದಿನ ತೋರಿಸ್ತಾರೆ, ಆಗ ದಿನದ ರೇಟು ಕಾಗದದ ಮೇಲೆ ಸರಿಯಾಗಿ ಕಾಣುತ್ತೆ. 1983ರಲ್ಲೇ ಸುಪ್ರೀಂ ಕೋರ್ಟು ರಾಜಸ್ಥಾನದ ಬರಗಾಲದ ಕಾಮಗಾರಿ ಕೇಸಲ್ಲಿ ಕನಿಷ್ಠಕ್ಕಿಂತ ಕಮ್ಮಿ ಕೊಟ್ಟು ದುಡಿಸೋದು ಸಂವಿಧಾನದ 23ನೇ ವಿಧಿ ಪ್ರಕಾರ ಬಲವಂತದ ದುಡಿಮೆ ಅಂತ ಹೇಳಿದೆ. ಅಷ್ಟು ದೊಡ್ಡ ಮಾತು, ನಮ್ಮ ತಾಲ್ಲೂಕಿನ ಅಂಗಡಿ ಬಾಗಿಲಿಗೆ ಬಂದಿಲ್ಲ.

ಎಲ್ಲಾ ಕಡೆ ಏರಿಸಿದ್ರೂ ಏನೂ ಆಗಲ್ಲ ಅಂತ ನಾನು ಹೇಳಿದ್ರೆ ಸುಳ್ಳಾಗುತ್ತೆ. ಅಡಿಕೆ ಹಾಳೆ ತಟ್ಟೆ ಮಾಡೋ ಸಣ್ಣ ಯೂನಿಟ್ಟಿನ ಲೆಕ್ಕ ನೋಡಿದೀನಿ, ಅಲ್ಲಿ ಖರ್ಚಲ್ಲಿ ಕೂಲಿದೇ ದೊಡ್ಡ ಪಾಲು, ಮಾಲು ಹೋಗೋದು ದೂರದ ಊರಿಗೆ, ರೇಟು ಹೇಳೋನು ಕೊಳ್ಳೋ ವ್ಯಾಪಾರಿ. ನೀವು ಪಫ್‌ಗೆ ಒಂದು ರೂಪಾಯಿ ಏರಿಸಿದ ಹಾಗೆ ಅವ್ರು ತಟ್ಟೆಗೆ ಏರಿಸೋಕಾಗಲ್ಲ, ಬೇರೆ ರಾಜ್ಯದ ತಟ್ಟೆ ಕಮ್ಮಿಗೆ ಸಿಗುತ್ತೆ. ಅಂಥ ಕಡೆ ಒಂದೇ ಸಲ ನೂರಕ್ಕೆ ಮೂವತ್ತು ನಲವತ್ತು ಏರಿಸಿದ್ರೆ ನಿಜವಾಗ್ಲೂ ಮಷೀನು ನಿಲ್ಲುತ್ತೆ. ಅಮೆರಿಕದ ಸಿಯಾಟಲ್ ಊರಲ್ಲಿ 2016ರಲ್ಲಿ ಗಂಟೆಗೆ 13 ಡಾಲರ್‌ವರೆಗೆ ಏರಿಸಿದಾಗ ಅಲ್ಲಿನ ವಿಶ್ವವಿದ್ಯಾಲಯದೋರು ಕಮ್ಮಿ ಸಂಬಳದ ಕೆಲಸಗಳಲ್ಲಿ ಗಂಟೆ ಕಮ್ಮಿ ಆಗಿದೆ ಅಂತ ಕಂಡ್ಕೊಂಡ್ರು, ಬರೀ ಹೋಟೆಲ್ಲು ನೋಡಿದ ಇನ್ನೊಂದು ತಂಡ ಹಾಗಾಗಿಲ್ಲ ಅಂತು. ಎಷ್ಟು ಏರಿಸ್ತಾರೆ, ಎಷ್ಟು ಬೇಗ ಏರಿಸ್ತಾರೆ ಅನ್ನೋದು ಮುಖ್ಯ. ಐದು ವರ್ಷ ಸುಮ್ನಿದ್ದು ಒಂದೇ ದಿನ ದಬಕ್ ಅಂತ ಏರಿಸೋದಕ್ಕಿಂತ ವರ್ಷ ವರ್ಷ ಸ್ವಲ್ಪ ಸ್ವಲ್ಪ ಏರಿಸೋದು ಸಣ್ಣ ಧಣಿಗೂ ತಡ್ಕೊಳ್ಳೋಕಾಗುತ್ತೆ. ನಮ್ಮಮ್ಮನ ಕೆಲಸಾನೂ ಕೊನೆಗೆ ಹೋಯ್ತು, ಆ ಮನೆಗೆ ಸುಲಿಯೋ ಮಷೀನು ಬಂತು. ಕೂಲಿ ಏರಿದ್ದಕ್ಕೆ ಬಂತಾ ಅಂತ ಆ ಮನೆ ಯಜಮಾನ್ರನ್ನೇ ಕೇಳಿದೀನಿ. ರಾತ್ರಿ ಹನ್ನೊಂದರವರೆಗೆ ಕೂರೋಕೆ ಈಗಿನ ಹುಡುಗೀರು ಯಾರೂ ಬರಲ್ಲ ಕಣಮ್ಮ, ಎಲ್ಲ ಓದಿ ಪೇಟೆ ಸೇರಿದ್ರು ಅಂದ್ರು. ಆ ಪೇಟೆ ಸೇರಿದೋರಲ್ಲಿ ನಾನೂ ಒಬ್ಳು.

ಎಷ್ಟಿರಬೇಕು ಅನ್ನೋದಕ್ಕೂ ಒಂದು ಲೆಕ್ಕ ಇದೆ. 1957ರ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಒಪ್ಪಿದ್ದು, ದುಡಿಯೋ ಒಬ್ಬರ ಸಂಬಳದಲ್ಲಿ ಒಂದು ಸಂಸಾರ ಅಂದ್ರೆ ಮೂರು ಯೂನಿಟ್ಟಿಗೆ (ಗಂಡ, ಹೆಂಡ್ತಿ, ಇಬ್ರು ಮಕ್ಕಳ ಊಟ ಸೇರಿ ಮೂರು ದೊಡ್ಡೋರ ಊಟದ ಲೆಕ್ಕ) ತಲಾ 2,700 ಕ್ಯಾಲರಿ ಊಟ, ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಅದ್ರ ಮೇಲೆ ಸೌದೆ ದೀಪದಂಥ ಖರ್ಚಿಗೆ ನೂರಕ್ಕೆ ಇಪ್ಪತ್ತು. 1991ರಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಓದು, ಆಸ್ಪತ್ರೆ ಇದಕ್ಕೆಲ್ಲ ಇನ್ನೂ ಇಪ್ಪತ್ತೈದು ಸೇರಿಸಿ ಅಂತು. ಇದ್ರಲ್ಲಿ ವಯಸ್ಸಾದ ಅಪ್ಪ ಅಮ್ಮ ಇಲ್ಲ, ಗಮನಿಸಿ. ದೇಶದಲ್ಲಿ ಎಲ್ಲೂ ಇದಕ್ಕಿಂತ ಕೆಳಗೆ ಹೋಗಬಾರದು ಅಂತ ಕೇಂದ್ರ 2017ರಲ್ಲಿ ಇಟ್ಟ ತಳಮಟ್ಟದ ಕೂಲಿ ದಿನಕ್ಕೆ 176 ರೂಪಾಯಿ, ನಮ್ಮ ರಾಜ್ಯದಲ್ಲಿ ಖಾತ್ರಿ ಕೂಲಿನೇ 2025-26ಕ್ಕೆ 370 ಇತ್ತು. ಇನ್ನು ಬೆಂಗಳೂರಿಗೆ ಜಾಸ್ತಿ ನಮ್ಮ ಕಡೆಗೆ ಕಮ್ಮಿ ಅಂತ ವಲಯ ಮಾಡ್ತಾರಲ್ಲ, ಬಾಡಿಗೆ ಮಟ್ಟಿಗೆ ಒಪ್ತೀನಿ, ಆದ್ರೆ ಗ್ಯಾಸ್ ಸಿಲಿಂಡರ್, ಬೇಳೆ, ಮಾತ್ರೆ ಹೊಸನಗರದಲ್ಲಿ ಅಗ್ಗಕ್ಕೆ ಯಾರೂ ಕೊಡಲ್ಲ.

ಕಾಯ್ಲಾ ಅಂತ ಕೇಳಿದೀರಲ್ಲ, ಕಾಯಬೇಡಿ. 2019ರ ವೇತನ ಸಂಹಿತೆ ಅನ್ನೋ ಕಾನೂನು 2025ರ ನವೆಂಬರ್ 21ರಿಂದ ಜಾರಿ ಆಗಿದೆ, ಕನಿಷ್ಠ ಕೂಲಿ ಸಿಗೋ ಕೆಲಸಗಳ ಪಟ್ಟಿಲಿ ಯಾವುದಿದೆ ಯಾವುದು ಇಲ್ಲ ಅನ್ನೋ ಹಳೇ ತಕರಾರು ಈಗಿಲ್ಲ, ನಿಮ್ಮ ಏಳೂ ಜನ ಅದ್ರೊಳಗೇ ಬರ್ತಾರೆ. ಕರ್ನಾಟಕದಲ್ಲಿ ತುಟ್ಟಿಭತ್ಯೆ (ಬೆಲೆ ಏರಿಕೆಗೆ ತಕ್ಕಂತೆ ಮೂಲ ಕೂಲಿ ಮೇಲೆ ಸೇರಿಸಿ ಕೊಡೋ ದುಡ್ಡು) ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತೆ, ಆ ಪಟ್ಟಿ ತಗೊಂಡು ಮೂಲ ಕೂಲಿ ಜೊತೆ ಕೂಡಿಸಿ ನೋಡಿ, ತುಂಬಾ ಜನ ಭತ್ಯೆ ಬಿಟ್ಟು ಬರೀ ಮೂಲ ಕೂಲಿ ನೋಡಿ ಸರಿಯಾಗಿದೆ ಅಂದ್ಕೊಂಡಿರ್ತಾರೆ. ಕಮ್ಮಿ ಬರ್ತಿದ್ರೆ ಮೊದಲು ಕೌಂಟರ್ ಹುಡುಗಿದು, ಪಾತ್ರೆ ತೊಳೆಯೋರದು ಸರಿ ಮಾಡಿ, ಮಾಸ್ಟರಿಗೆ ನೀವು ಹೇಗೂ ಜಾಸ್ತಿನೇ ಕೊಡ್ತಿರ್ತೀರ, ಅವ್ನು ಬಿಟ್ಟು ಹೋದ್ರೆ ಅಂತ ಹೆದರಿಕೆ ಇರುತ್ತಲ್ಲ. ದುಡ್ಡು ಅವ್ರವ್ರ ಖಾತೆಗೇ ಹಾಕಿ, ಒಂದು ಚೀಟಿ ಕೊಡಿ. ಲೆಕ್ಕ ಕೂರದಿದ್ರೆ ಇಲ್ಲೇ ಕೆಳಗೆ ಕೇಳಿ, ಸಂಜೆ ಏಳರ ಮೇಲೆ ನೋಡ್ತೀನಿ.