ಮೊದಲ ಕೌದಿಗೆ ಅಮ್ಮನ ಹಳೆಯ ಸೀರೆ ಸಾಕು

ಯಂತ್ರವಿಲ್ಲ, ಗುಂಡಿ ಹಚ್ಚುವುದರಾಚೆ ಹೊಲಿಗೆ ಬಾರದು, ವಿಡಿಯೋಗಳಲ್ಲಿ ತೋರಿಸುವ ಸಲಕರಣೆಗಳ ಬೆಲೆ ನೋಡಿ ಗಾಬರಿಯಾಗಿದೆ, ಕೈಯಲ್ಲಿರುವುದು ಅಮ್ಮನ ಹಳೆಯ ಸೀರೆಗಳಷ್ಟೇ, ಕ್ವಿಲ್ಟ್ ಹೊಲಿಯಲು ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ.

ಆ ಸೀರೆಗಳಿಂದಲೇ ಶುರು ಮಾಡಿ. ಬಟ್ಟೆಯ ಪದರಗಳನ್ನು ಸೇರಿಸಿ ಹೊಲಿದ ಇಂಥ ಹೊದಿಕೆಗೆ ನಮ್ಮ ಉತ್ತರ ಕರ್ನಾಟಕದಲ್ಲಿ ಕೌದಿ ಎನ್ನುತ್ತೇವೆ. ಒಳಗೆ ಬೇರೇನೂ ತುಂಬುವುದಿಲ್ಲ. ಸವೆದ ಸೀರೆ, ಧೋತರಗಳೇ ಪದರಗಳು. ಕೊಳ್ಳಬೇಕಾದದ್ದು ಉದ್ದನೆಯ ಸೂಜಿ ಮತ್ತು ದಪ್ಪ ಹತ್ತಿ ದಾರ. ಕತ್ತರಿ ಮನೆಯಲ್ಲಿದ್ದೇ ಇರುತ್ತದೆ.

ಹಾಸಿಗೆಯಗಲದ ಕೌದಿಗೆ ಈಗಲೇ ಕೈ ಹಾಕಬೇಡಿ. ಕೂಸಿಗೆ ಹಾಸುವಂಥದ್ದು, ಸುಮಾರು ಎರಡೂವರೆ ಅಡಿ ಚೌಕದ್ದು, ಸಾಕು. ಬಟ್ಟೆಯೆಲ್ಲ ಹತ್ತಿಯದೇ ಆಗಿರಲಿ. ಅನುಮಾನವಿದ್ದರೆ ಒಂದು ಎಳೆ ಕಿತ್ತು ಸುಟ್ಟು ನೋಡಿ: ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹೊಸ ತುಂಡೇನಾದರೂ ಸೇರಿಸುವುದಿದ್ದರೆ ಮೊದಲು ಒಗೆದು ಒಣಗಿಸಿ. ಇಲ್ಲವಾದರೆ ಮುಂದೆ ಅದೊಂದೇ ಕುಗ್ಗಿ ಸುತ್ತಲಿನದನ್ನು ಎಳೆಯುತ್ತದೆ. ಜೀನ್ಸ್ ಬೇಡ, ಸೂಜಿ ನುಗ್ಗಿಸುವಷ್ಟರಲ್ಲಿ ಬೆರಳು ನೊಂದುಹೋಗುತ್ತದೆ. ಇಳಕಲ್ ಸೀರೆಯ ಹತ್ತಿಯ ಒಡಲು ಸಿಕ್ಕರೆ ನೀವು ಪುಣ್ಯವಂತರು.

ಈಗ ಅಸಲು ಕೆಲಸ, ಹಾಸುವುದು. ನನ್ನ ಮೊದಲ ಕೌದಿ ಕೆಟ್ಟದ್ದು ಇಲ್ಲಿಯೇ. ಪದರಗಳನ್ನು ಮೊದಲು ಹಿಡಿದಿಡದೆ ಅಂಚಿನಿಂದಲೇ ಹೊಲಿಯುತ್ತ ಬಂದೆ. ಪ್ರತಿ ಸುತ್ತಿಗೂ ಮೇಲಿನ ಬಟ್ಟೆ ಒಂದಿಷ್ಟು ಒಳಗೆ ಸರಿಯಿತು, ಕೊನೆಗೆ ನಡುಭಾಗ ಪೂರಿಯಂತೆ ಉಬ್ಬಿ ಕೂತಿತು. ಅಜ್ಜಿ ಅದನ್ನು ಅಂಗೈಯಿಂದ ಒತ್ತಿ ನೋಡಿ, ‘ಇದರೊಳಗೆ ಯಾರು ಮಲಗಿದ್ದಾರೆ?’ ಎಂದು ಕೇಳಿದರು.

ಆದ್ದರಿಂದ ನೆಲದ ಮೇಲೆ ಕೆಳಗಿನ ಬಟ್ಟೆ ಹರವಿ, ಮೂಲೆಗಳಿಗೆ ಭಾರವಿಡಿ. ಮೇಲೆ ಎರಡು ಪದರ ಹಳೆಯ ಸೀರೆ, ಅದರ ಮೇಲೆ ತುಂಡುಗಳನ್ನು ಮೊದಲೇ ಒಂದಕ್ಕೊಂದು ಹೊಲಿದು ಜೋಡಿಸಿದ ಬಟ್ಟೆ. ಒಂದೊಂದು ಪದರವನ್ನೂ ನಡುವಿನಿಂದ ಹೊರಕ್ಕೆ ಅಂಗೈಯಿಂದ ಸವರಿ, ಸುಕ್ಕು ತೆಗೆಯಿರಿ. ಆಮೇಲೆ ನಡುವಿನಿಂದಲೇ ನಾಲ್ಕೂ ದಿಕ್ಕಿಗೆ ಬೆರಳುದ್ದದ ಕಚ್ಚಾ ಹೊಲಿಗೆ ಹಾಕಿ. ಕೊನೆಯಲ್ಲಿ ಅದನ್ನು ಬಿಚ್ಚಿಬಿಡುತ್ತೀರಿ. ಇದಾದ ಮೇಲೆ ನಾಲ್ಕೂ ಅಂಚುಗಳನ್ನು ಒಳಮಡಚಿ, ಸುತ್ತ ಹೊಲಿಗೆ ಹಾಕುತ್ತ, ಬೆರಳಗಲದ ಅಂತರ ಬಿಟ್ಟು ಒಳಸುತ್ತುಗಳಿಗೆ ಬನ್ನಿ.

ಹೊಲಿಗೆಯಲ್ಲಿ ಕಲಿಯುವುದೇನೂ ಇಲ್ಲ, ಸೂಜಿ ಮೇಲೆ ಕೆಳಗೆ ಆಡಿದರಾಯಿತು. ಸೂಜಿಯ ಮೇಲೆ ನಾಲ್ಕೈದು ಹೊಲಿಗೆ ಪೋಣಿಸಿಕೊಂಡು ಒಮ್ಮೆಗೇ ದಾರ ಎಳೆಯಿರಿ, ಬಟ್ಟೆ ನಿರಿಗೆಗಟ್ಟುವಷ್ಟು ಬಿಗಿ ಬೇಡ. ದಾರ ಒಂದು ಮೊಳಕ್ಕಿಂತ ಬಹಳ ಉದ್ದವಾದರೆ ಸಿಕ್ಕಾಗುತ್ತದೆ. ಆಗಾಗ ಬೆನ್ನಿನ ಕಡೆ ತಿರುಗಿಸಿ ನೋಡಿ. ಅಲ್ಲಿಯೂ ಹೊಲಿಗೆ ಬಿದ್ದಿರಬೇಕು.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ, ‘ಕವಂದಿ’ ಎಂಬ ಕೌದಿಯ ದಾರಿ ಬೇರೆ. ತುಂಡುಗಳನ್ನು ಮೊದಲೇ ಜೋಡಿಸುವುದಿಲ್ಲ. ಒಂದು ಮೂಲೆಯಿಂದ ಹೊರಟು ಅಂಚಿನ ಗುಂಟ ತುಂಡುಗಳನ್ನು ಮಡಚಿಡುತ್ತ, ಕೆಳಗಿನ ಬಟ್ಟೆಯವರೆಗೆ ಹೊಲಿಯುತ್ತ ನಡುವಿಗೆ ಬರುತ್ತಾರೆ. ಜೋಡಿಸುವ ಹೊಲಿಗೆಯೂ ಪದರ ಹಿಡಿಯುವ ಹೊಲಿಗೆಯೂ ಒಂದೇ. ಮೂಲೆಗಳಿಗೆ ಬಟ್ಟೆ ಮಡಚಿ ಮಾಡಿದ ‘ಫುಲಾ’ ಎಂಬ ಹೂ. ನೋಡಲು ನನಗೆ ನಮ್ಮ ಕೌದಿಗಿಂತ ಅದೇ ಇಷ್ಟ, ಆದರೆ ನಿಮ್ಮ ಮೊದಲ ಪ್ರಯತ್ನಕ್ಕೆ ಬೇಡ.

ಮುಗಿದ ಮೇಲೆ ತಣ್ಣೀರಿನಲ್ಲಿ ಒಗೆದು, ಹಗ್ಗಕ್ಕೆ ನೇತುಹಾಕದೆ ಹರವಿ ಒಣಗಿಸಿ. ಒಣಗಿದಾಗ ಹೊಲಿಗೆಗಳ ನಡುವೆ ಸಣ್ಣ ಸಣ್ಣ ಅಲೆಗಳು ಎದ್ದಿರುತ್ತವೆ. ಅದು ತಪ್ಪಲ್ಲ, ಇಸ್ತ್ರಿಪೆಟ್ಟಿಗೆ ತರಬೇಡಿ.